ಊಟಕ್ಕೆ ಬಂದ ಕರಡಿಗಳು

“ಬಾಗಲಾ ತಗದಿಡವಾ, ಇವತ್ತ ನಮ್ಮ ಮನೀಗೆ ಎರಡು ಕರಡಿ ಊಟಕ್ಕ ಬರ್ತಾವು,” ಎಂದು ಹೇಳಿ ಅತ್ತೆ ಬಾವಿಗೆ ಹೋದರು. ನಾನು ಚಿಲಕ ಹಾಕಿಕೊಂಡು ಒನಕೆ ಹಿಡಿದು ನಿಂತೆ. ಮಂಡ್ಯದ ಕಡೆಯಿಂದ ದೇವಿಕೊಪ್ಪಕ್ಕೆ ಸೊಸೆಯಾಗಿ ಬಂದು ಆಗಿನ್ನೂ ತಿಂಗಳಾಗಿರಲಿಲ್ಲ. ಊರ ಮಗ್ಗುಲಲ್ಲೇ ಕಾಡು. ಈ ಜನ ಕರಡಿಗೂ ಎಲೆ ಹಾಕುತ್ತಾರೇನೋ!

ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದರೆ ರುಮಾಲು ಸುತ್ತಿದ ಗಂಡಸರು, ಕೊರಳಲ್ಲಿ ದಪ್ಪ ಚರ್ಮವಾದ್ಯ. “ಕರಡಿ ಬತ್ತದಂತೆ, ಓಡೋಗಿ!” ಎಂದು ಕೂಗಿದೆ.

ಮುಂದಿದ್ದ ಮುದುಕ ವಾದ್ಯ ತಟ್ಟಿ ನಕ್ಕ. “ಕರಡಿ ಅಂದ್ರ ಇದ ನೋಡವಾ. ಕಡಿಯೂದಿಲ್ಲ, ಬರೇ ಬಾರಸ್ತೇವಿ.”

ಒನಕೆ ಕೈಯಿಂದ ಜಾರಿತು. ರಾಶಿ ಮುಗಿದ ಕಣದಲ್ಲಿ ಅಂದು ಸುತ್ತಲಿನ ಊರುಗಳ ಕರಡಿ ಮೇಳಗಳು ಸೇರುವುದಿತ್ತು. ಅವರ ಊಟ ಮನೆಮನೆಗೆ ಹಂಚಿತ್ತು. ಸಂಜೆ ವೇದಿಕೆಯಿಲ್ಲ, ಮೈಕಿಲ್ಲ. ದುಮ್ಮವಾಡದವರು ಬಾರಿಸಿದ್ದನ್ನು ಮಿಶ್ರಿಕೋಟಿಯವರು ಇನ್ನಷ್ಟು ಜೋರಾಗಿ ಮರಳಿಸಿದರು. ಮದುವೆಯ ಓಲಗವಷ್ಟೇ ಕೇಳಿದ್ದ ನನ್ನ ಎದೆಯೊಳಗೇ ಯಾರೋ ಬಡಿದಂತಿತ್ತು.

ಗಂಡನ ಊರಿನಲ್ಲಿ ನಾನು ಬಾಯ್ತುಂಬ ನಕ್ಕದ್ದು ಅಂದೇ ಮೊದಲು. ಮರಳುವ ದಾರಿಯಲ್ಲಿ ಅತ್ತೆಯ ಮಾತಿನಲ್ಲೇ ಅತ್ತೆಗೆ ಹೇಳಿದೆ: “ಮುಂದಿನ ವರ್ಷ ನಾಕು ಕರಡಿ ಕರೀರಿ.”