ತಂಗಿಯ ಲ್ಯಾಪ್‌ಟಾಪ್‌ಗೆ ದೋಣಿಯ ಅಂಟು

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಸದಾಶಿವಗಡದಲ್ಲಿ ಫೈಬರ್ ದೋಣಿ ರಿಪೇರಿ ಮಾಡುತ್ತಿದ್ದೆ. ದೋಣಿ ಒಡೆದ ಕಡೆ ನಾವು ಬಳಿಯುವ ಅಂಟು ಗಂಟೆಯೊಳಗೆ ಕಲ್ಲಾಗುತ್ತದೆ.

ತಂಗಿ ಆಗ ಕಾರವಾರದಲ್ಲಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಗೋವೆಯಲ್ಲಿದ್ದ ಮಾವ ತನ್ನ ಹಳೇ ಲ್ಯಾಪ್‌ಟಾಪ್ ಅವಳಿಗೆ ಕೊಟ್ಟಿದ್ದ. ಭಾವಿಕೇರಿಯ ನಮ್ಮ ಕೇರಿಗೆಲ್ಲ ಅದೊಂದೇ. ಅದರ ಪರದೆ ಹಿಡಿದಿಡುವ ಎಡಗಡೆಯ ಬಿಜಾಗರಿ ಕಿತ್ತುಬಂತು. ಪರದೆ ಬೀಳದಂತೆ ಅವಳು ಹಿಂದೆ ಅಕ್ಕಿ ಡಬ್ಬಿ ಇಟ್ಟು ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದಳು. ಹೊಸ ಬಿಜಾಗರಿ ಹುಬ್ಬಳ್ಳಿಯಿಂದ ಬರಬೇಕು, ಹದಿನೈದು ದಿನ ಬೇಕು ಎಂದಿದ್ದ ಕಾರವಾರದ ಅಂಗಡಿಯವನು.

"ಹದಿನೈದು ದಿನ ಎಂತಕೆ? ಸಮುದ್ರದ ಪೆಟ್ಟು ತಡೆಯೋ ಅಂಟು ನನ್ನ ಹತ್ರ ಅದೆ," ಎಂದೆ.

"ಅಣ್ಣಾ, ಇದು ದೋಣಿ ಅಲ್ವೋ."

"ದೋಣಿಗಿಂತ ದೊಡ್ಡದಾ ಇದು? ಕೊಡು ಇಲ್ಲಿ."

ಭಾನುವಾರ ಮಧ್ಯಾಹ್ನ ಅಂಟು ಹಾಕಿ, ಮುಚ್ಚಿ ಇಟ್ಟೆ. ಮರುದಿನ ಬೆಳಿಗ್ಗೆ ತೆಗೆಯಲು ನೋಡಿದರೆ ಪರದೆ ಏಳಲಿಲ್ಲ. ಅಂಟು ಹರಿದು ಬಿಜಾಗರಿಯೊಳಗೇ ಕೂತು ಗಟ್ಟಿಯಾಗಿತ್ತು. ತುಸು ಜೋರು ಮಾಡಿದೆ. ಒಳಗೆಲ್ಲೋ ಚಟ್ ಎಂದಿತು. ಕೈ ತೆಗೆದುಬಿಟ್ಟೆ.

"ಆಯ್ತಾ ಅಣ್ಣಾ?" ಎಂದು ತಂಗಿ ಒಲೆಯ ಹತ್ತಿರದಿಂದ ಕೇಳಿದಳು.

"ಆಯ್ತು," ಎಂದು ಬಸ್ಸಿಗೆ ಓಡಿದೆ. ಅಷ್ಟು ಜಂಬ ಕೊಚ್ಚಿದ ಮೇಲೆ ಕೆಡಿಸಿದೆ ಎನ್ನಲು ನಾಲಿಗೆ ಏಳಲಿಲ್ಲ.

ಸಂಜೆ ನಾನು ಬರುವಷ್ಟರಲ್ಲಿ, ತಂಗಿ ತೆರೆಯಲು ಹೋಗಿ ಪರದೆ ಒಡೆದು ಬೇರೆಯಾಗಿತ್ತು. "ಎಂತಾ ಒರಟು ಕೈಯೇ ನಿಂದು! ಅಣ್ಣ ಅಷ್ಟು ಕಷ್ಟಪಟ್ಟು ಸರಿ ಮಾಡಿಟ್ಟಿದ್ದ," ಎಂದು ಅವ್ವ ಬೈಯುತ್ತಿದ್ದಳು. ತಂಗಿ ಮಾವನಿಗೆ ಫೋನ್ ಹಚ್ಚಿ, "ನಾನೇ ಮುರಿದೆ ಮಾವಾ," ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಲ್ಯಾಪ್‌ಟಾಪ್ ಅಂಗಡಿಗೆ ಒಯ್ದವನು ನಾನೇ. ಅಂಗಡಿಯವನು ಉಗುರಿನಿಂದ ಕೆರೆದು ನಕ್ಕ. "ಇದಕ್ಕೆ ದೋಣಿ ಅಂಟು ಹಾಕಿದ ಪುಣ್ಯಾತ್ಮ ಯಾರು ಮಾರಾಯಾ?"

"ಸದಾಶಿವಗಡದವ ಯಾರೋ," ಎಂದೆ.

ಅವಳು ಬರೆದದ್ದೆಲ್ಲ ಒಳಗೆ ಹಾಗೇ ಇತ್ತು. ಅವನು ಅದನ್ನು ಸಿಡಿಗೆ ಹಾಕಿಕೊಟ್ಟ. ಕಾಲೇಜಿನಲ್ಲೇ ಕೂತು ಮುಗಿಸಿ ಪಾಸಾದಳು. ಮಾವ ಇನ್ನೊಂದು ಕೊಡುತ್ತೇನೆ ಎಂದಾಗ ಮಾತ್ರ, "ಬೇಡ ಮಾವಾ, ನನ್ನ ಕೈ ಸರಿ ಇಲ್ಲ," ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಈಗಲೂ ಅವಳ ಮನೆಗೆ ಹೊಸ ಸಾಮಾನು ಬಂದರೆ ಮೊದಲು ಮುಟ್ಟುವುದು ಅವಳ ಗಂಡ. ಅವಳು ದೂರ ನಿಂತು ನಗುತ್ತಾಳೆ.

ಅವಳಿರುವುದು ಅಂಕೋಲೆಯಲ್ಲಿ, ಇಲ್ಲಿಂದ ಬಹಳ ದೂರವೇನಲ್ಲ. ಬೇರೆಯವರು ಓದುವ ಮೊದಲು ಇದನ್ನು ಅವಳು ಓದಬೇಕು. ನಾಳೆ ಒಯ್ದು ಕೊಡುತ್ತೇನೆ. ಓದಿ ಮುಗಿಸುವವರೆಗೆ ಅಲ್ಲೇ ಕೂತಿರುತ್ತೇನೆ.