ನಾಲ್ಕೇ ಗಂಟೆಯ ದಾರಿ

ನನ್ನ ಸೋದರಮಾವನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಪಾಂಡವಪುರದ ಹತ್ತಿರದ ಆಲೆಮನೆಯಲ್ಲಿ ಕಬ್ಬಿನ ಜೊತೆ ಗಾಣಕ್ಕೆ ಹೋಗಿದ್ದವು. ಉಳಿದ ಬೆರಳುಗಳ ಏಟು ತಿಂದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಮ್ಮೆ ಅವ್ವನನ್ನು ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದ ಕಂಡಕ್ಟರನ ಮೂಗು ಒಡೆದು ಠಾಣೆಯಲ್ಲಿ ಕೂತಿದ್ದರು. ಬಿಡಿಸಿಕೊಂಡು ಬರಲು ಹೋದ ಅವ್ವನಿಗೆ, "ಅವ್ನ ಇಚಾರ ಬುಡಕ್ಕ, ನೀನು ಉಂಡ್ಯಾ?" ಎಂದರಂತೆ. ಅಕ್ಕ ಎಂದರೆ ಅಷ್ಟು ಪ್ರಾಣ.

ನಾನು ನರ್ಸ್ ಕೆಲಸಕ್ಕೆ ದುಬೈಗೆ ಹೊರಟಾಗ, ಅಪ್ಪನಿಲ್ಲದ ಹುಡುಗಿ ಅಷ್ಟು ದೂರ ಹೋಗಬಾರದೆಂದು ಚಿಕ್ಕಪ್ಪ ತಗಾದೆ ತೆಗೆದರು. ಊಟಕ್ಕೆ ಕೂತಿದ್ದ ಮಾವ ಮುದ್ದೆಯ ತಟ್ಟೆಯನ್ನೇ ಅವರ ಮೇಲೆ ಬೀಸಿದರು. ಆಮೇಲೆ ಕೈ ತೊಳೆಯುತ್ತಾ ಕೇಳಿದರು: "ಎಷ್ಟು ದೂರ ಮಗಾ?"

ಬೆಂಗಳೂರಿನಿಂದ ಸುಮಾರು ಎರಡು ಸಾವಿರದ ಏಳುನೂರು ಕಿಲೋಮೀಟರು, ವಿಮಾನದಲ್ಲಿ ನಾಲ್ಕು ಗಂಟೆ ಎಂದೆ. ಕಿಲೋಮೀಟರು ಅವರಿಗೆ ಅಲ್ಲೇ ಮರೆತುಹೋಯಿತು. "ಧರ್ಮಸ್ಥಳದ ಬಸ್ಸಿಗಿಂತ ಬೇಗ ಕಣ್ರಲಾ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ಮನೆ ಮುಂದೆ ಹತ್ತಿ ಮನೆ ಮುಂದೆ ಇಳಿಯುವುದು ಎಂದುಕೊಂಡಿದ್ದರೋ ಏನೋ, ಪುಣ್ಯಾತ್ಮ.

ನಾನು ದುಬೈಯಲ್ಲಿದ್ದಾಗಲೇ ಹೊಸಹೊಳಲಿನ ನಮ್ಮ ಮನೆಯಲ್ಲಿ ಒಂದು ಬೆಳಗ್ಗೆ ಎದೆನೋವೆಂದು ಕೂತ ಅವ್ವ ಮತ್ತೆ ಏಳಲಿಲ್ಲ. ನಮ್ಮಲ್ಲಿ ಹೆಂಗಸು ತೀರಿಕೊಂಡರೆ ತವರಿನವರು ತಂದ ಸೀರೆ ಹೊದಿಸಿದ ಮೇಲೆಯೇ ಹೆಣ ಎತ್ತಬೇಕು. ಮಾವ ಸೀರೆ ತಂದರು, ಕೊಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತರು. "ಮಗ್ಳು ಬತ್ತಾವ್ಳೆ. ನಾಕೇ ಗಂಟೆ. ಬಂದು ತಾಯಿ ಮೊಕ ನೋಡ್ಲಿ, ಆಮೇಲೆ ಸೀರೆ."

ನಾನೋ ಅಲ್ಲಿ ರಜೆಗೆ ಅಂಗಲಾಚಿ, ಟಿಕೆಟ್ಟಿಗೆ ಅಲೆದು, ಆ ದಿನದ ವಿಮಾನದಲ್ಲಿ ಸೀಟಿಲ್ಲದೆ ಅಳುತ್ತಾ ಕೂತಿದ್ದೆ. ಇಲ್ಲಿ ಹೊತ್ತು ಇಳಿಯಿತು. ಹೆಣ ಇರುವ ತನಕ ಬೀದಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. "ಮಕ್ಳೆಲ್ಲ ಅಸ್ಕೊಂಡವ್ರೆ, ಕೊಡ್ಲಾ ಸೀರೆಯ" ಎಂದು ಚಿಕ್ಕಪ್ಪ ಕೈ ಹಾಕಿದರು. ಮಾವ ಸೌದೆ ಎತ್ತಿ ಬಾರಿಸಿದರು. ಚಿಕ್ಕಪ್ಪನ ಹೆಗಲ ಮೂಳೆ ಮುರಿಯಿತು. ಅವರ ಗಂಡುಮಕ್ಕಳು ಮಾವನನ್ನು ಅಂಗಳಕ್ಕೆ ಎಳೆದು ತುಳಿದರು, ಕಬ್ಬಿಣದ ಕುರ್ಚಿಯಿಂದ ತಲೆಗೆ ಹೊಡೆದರು. ಮಾವ ಸೀರೆಯ ಮೇಲೆ ಬೋರಲು ಬಿದ್ದರು, ರಕ್ತ ಸುರಿಯುತ್ತಿದ್ದರೂ ಬಿಡಲಿಲ್ಲ. "ಕೊಂದಾಕ್ರಲಾ! ಕೊಂದು ಕಿತ್ಕೊಳಿ!" ಕಡೆಗೆ ಊರಿನವರೇ ಹೆದರಿ ಜಗಳ ಬಿಡಿಸಿ, ಹೆಣ ಇಡಲು ಐಸ್ ಪೆಟ್ಟಿಗೆ ತರಿಸಿದರು. ಇದೆಲ್ಲ ಮಾವನ ಹೆಂಡತಿ ಆಮೇಲೆ ಹೇಳಿದ್ದು.

ಮರುದಿನ ಬೆಳಗ್ಗೆ ನಾನು ಬಂದಾಗ ಮಾವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತಲೆಗೆ ಸುತ್ತಿದ ಟವೆಲು ಕಪ್ಪಾಗಿತ್ತು. "ನಾಕು ಗಂಟೆ ಅಂದಿದ್ಯಲ್ಲಾ ಮಗಾ" ಎಂದರು, ಅಷ್ಟೇ. ನಾನು ಅವ್ವನ ಮುಖ ಹಿಡಿದು ಅಳುವಷ್ಟೂ ಹೊತ್ತು ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಸೀರೆ ಬಿಡಿಸಿ, ರಕ್ತದ ಕಲೆ ಒಳಮಗ್ಗುಲಿಗೆ ಬರುವಂತೆ ಮಡಿಚಿ, ಅಕ್ಕನಿಗೆ ಹೊದಿಸಿದರು.

ಹೋದ ವರ್ಷ ಮಾವ ತೀರಿಕೊಂಡರು. ಸುದ್ದಿ ಬಂದ ತಕ್ಷಣ ಹೊರಟೆ. ನಾನು ವಿಮಾನ ಹತ್ತುವ ಮೊದಲೇ ಮಣ್ಣು ಮಾಡಿ ಮುಗಿಸಿದ್ದರು. ಯಾರನ್ನೂ ದೂರುವುದಿಲ್ಲ. ನನಗೋಸ್ಕರ ಹೆಣ ತಡೆಯುವವರು ಇದ್ದದ್ದೇ ಒಬ್ಬರು. ಆವತ್ತು ಹೆಣವಾಗಿ ಮಲಗಿದ್ದವರೂ ಅವರೇ.