ಬಾಕ್ಸ್ ಹಿಲ್‌ನಿಂದ ಜೊತೆಗೆ ಬಂದ ಹೆಸರು

ಜುಲೈ ತಿಂಗಳ ಒಂದು ಶುಕ್ರವಾರ ಬೆಳಗ್ಗೆ ಏಳಕ್ಕೆ ಸಿಡ್ನಿಯ ಎಪ್ಪಿಂಗ್‌ನಿಂದ ಹೊರಟೆವು. ಹೊರಗೆ ಆರು ಡಿಗ್ರಿ ಚಳಿ. ಗಾಡಿ ಶಿವಾನಂದ ಹಿರೇಮಠ ಅವರದು. ಧಾರವಾಡದವರು, ಮ್ಯಾಕ್ವೆರಿ ಪಾರ್ಕ್‌ನ ಕಚೇರಿಯೊಂದರಲ್ಲಿ ಕೆಲಸ. ನಾನು ಮೂರು ತಿಂಗಳಿಂದ ಉಳಿದುಕೊಂಡಿರುವ ಮಗಳ ಮನೆಗೆ ನೆರೆಯವರು. ದೂರದ ದಾರಿಗೆ ಜೊತೆಯಾಗಲೆಂದು ನನ್ನನ್ನೂ ಕರೆದಿದ್ದರು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ಗೆ ಅಲ್ಲಿಂದ ಸುಮಾರು ಎಂಟುನೂರ ಎಂಬತ್ತು ಕಿಲೋಮೀಟರ್.

ಎರಡು ಗಾಡಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಪ್ರಯಾಣದ ಉದ್ದೇಶ. ಶಿವಾನಂದರ ಬಳಿ ಇರುವುದು ಕೆಂಪು ಬಣ್ಣದ ಆಫ್‌ರೋಡ್ ಪಿಕಪ್. ಮರಳ ದಿಬ್ಬ ಹಾರುತ್ತದೆ, ಬಂಡೆ ಹತ್ತುತ್ತದೆ. ಆದರೆ ಎರಡೂವರೆ ಟನ್‌ಗಿಂತ ಹೆಚ್ಚು ಎಳೆಯುವುದಿಲ್ಲ. ಅವರ ಹೆಂಡತಿ ಗಿರಿಜಾ ಅವರಿಗೆ ಎರಡು ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆಗಿದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಲಾಗದು. ಹಿಂದೆ ಹಾಸಿಗೆ ಇರುವ ಕ್ಯಾರವಾನ್ ಇದ್ದರೆ ಗಂಟೆಗೊಮ್ಮೆ ನಿಲ್ಲಿಸಿ ಮಲಗಿಸಬಹುದು. ಗಿರಿಜಾ ಒಮ್ಮೆ ನೋಡಿ ಮೆಚ್ಚಿದ್ದ ಕ್ಯಾರವಾನ್ ಮೂರು ಟನ್. ಬಾಕ್ಸ್ ಹಿಲ್‌ನ ಗೆಳೆಯ ರವೀಂದ್ರ ಪಾಟೀಲರ ಟ್ರಕ್ ನಾಲ್ಕೂವರೆ ಟನ್ ಎಳೆಯುತ್ತದೆ. ಹದಿನೈದು ದಿನ ಗಾಡಿ ಅದಲು ಬದಲು ಮಾಡಿಕೊಂಡು ನೋಡುವುದು, ಒಪ್ಪಿಗೆಯಾದರೆ ಹಾಗೇ ಇಟ್ಟುಕೊಳ್ಳುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಗಿರಿಜಾ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಕೊಟ್ಟರು.

“ಯಾವ್ದ್ ತರ್ಲಿ ಅಂತ ಈಗರ ಹೇಳ,” ಎಂದು ಶಿವಾನಂದ ಕೇಳಿದರು.

“ಯಾವ್ದರ ತಗೊಂಡ್ ಬರ್ರಿ. ಕೂಡಾಕಿ ನಾ ಅಲ್ಲಲ್ಲ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಬಾಗಿಲು ಹಾಕಿಕೊಂಡರು.

ಗೋಲ್ಬರ್ನ್‌ನಲ್ಲಿ ಕಾಫಿ ಕುಡಿದೆವು, ಗುಂಡಗೈನಲ್ಲಿ ರೊಟ್ಟಿ ತಿಂದೆವು. ಪೆಟ್ರೋಲ್ ಎರಡು ಸಲ ಹಾಕಿಸಬೇಕಾಯಿತು. “ಇದು ಗಾಡಿ ಅಲ್ರಿ ಸರ, ಕುದುರಿ,” ಎಂದು ಶಿವಾನಂದ ಹೆದ್ದಾರಿ ಬಿಟ್ಟು ಒಂದು ಮಣ್ಣಿನ ದಾರಿಗೆ ಇಳಿಸಿದರು. ನಾಲ್ಕು ಕಿಲೋಮೀಟರ್ ಕುದುರೆ ಓಡಿತು. ನನ್ನ ಮಡಿಲಲ್ಲಿದ್ದ ಡಬ್ಬಿ ಹಿಂದಿನ ಸೀಟಿಗೆ ಹಾರಿತು. “ಗಿರಿಜಾ ಇದ್ದಿದ್ರ ಚೀರ್ತಿದ್ಲು,” ಎಂದು ನಕ್ಕರು. ಆಮೇಲೆ ಗಾಡಿ ನಿಧಾನ ಮಾಡಿ ಟಾರ್ ರಸ್ತೆಗೆ ಹತ್ತಿಸಿದರು.

ಬಾಕ್ಸ್ ಹಿಲ್ ತಲುಪಿದಾಗ ಸಂಜೆ ಐದೂವರೆ. ರವೀಂದ್ರ ಬೆಳಗಾವಿಯವರು, ಐವತ್ತರ ಆಸುಪಾಸು. ಹೆಂಡತಿ ವಸುಧಾ ತೀರಿಕೊಂಡು ಎರಡು ವರ್ಷ. ಇಬ್ಬರೂ ಕ್ಯಾರವಾನ್ ಕಟ್ಟಿಕೊಂಡು ದೇಶದ ಮುಕ್ಕಾಲು ಭಾಗ ಸುತ್ತಿದ್ದರಂತೆ. ಕ್ಯಾರವಾನನ್ನು ಕಳೆದ ವರ್ಷ ಮಾರಿದ್ದಾರೆ. ಬೂದು ಬಣ್ಣದ ಟ್ರಕ್ ಮನೆಯ ಮುಂದೆ ನಿಂತಿತ್ತು. ಅದರ ಹಿಂದೆ, ಗೇಟಿನವರೆಗೆ, ಏಳೆಂಟು ಮೀಟರ್ ಜಾಗ ಖಾಲಿ. ಅಲ್ಲಿ ಪಿಕಪ್ ನಿಲ್ಲಿಸಲು ಹೋದ ಶಿವಾನಂದರಿಗೆ ರವೀಂದ್ರ, “ಅಲ್ಲಿ ಬ್ಯಾಡಪಾ, ರಸ್ತೆದಾಗ ಹಚ್ಚು,” ಎಂದರು.

ಟ್ರಕ್‌ನ ಪರದೆಯಲ್ಲಿ ಒಂದು ಪುಟ ತೋರಿಸಿದರು. ಹಿಂದೆ ಕಟ್ಟುವ ಪ್ರತಿ ಟ್ರೇಲರ್‌ಗೂ ಒಂದು ಹೆಸರು ಕೊಡಬಹುದು. ಅದನ್ನು ಎಷ್ಟು ದೂರ ಎಳೆದಿದೆ ಎಂಬ ಲೆಕ್ಕವನ್ನು ಗಾಡಿ ತಾನೇ ಇಡುತ್ತದೆ. ಅಲ್ಲಿದ್ದದ್ದು ಒಂದೇ ಹೆಸರು. ವಸುಧಾ, 41,306 ಕಿಲೋಮೀಟರ್. “ಚಾಷ್ಟಿಗೆ ಇಟ್ಟಿದ್ದೆ. ಕ್ಯಾರವಾನ್ ಆರಿಸಿದಾಕಿ ಆಕಿನ,” ಎಂದರು. ಹಳೆಯ ರೂಢಿಯಂತೆ ನಾನು ಸಂಖ್ಯೆಯನ್ನು ಬರೆದುಕೊಂಡೆ.

ಊಟದ ಹೊತ್ತಿಗೆ ಶಿವಾನಂದ, “ನಿನಗ್ಯಾಕೋ ಈ ವಯಸ್ನ್ಯಾಗ ಹಾರೂ ಗಾಡಿ?” ಎಂದು ಛೇಡಿಸಿದರು.

“ಇನ್ನ ನಾ ಒಬ್ಬಾಂವ. ಮರಳಾಗ ಹಾರ್ಸಿದ್ರ ಬೈಯವ್ರ್ ಯಾರದಾರ?” ಎಂದು ರವೀಂದ್ರ ಅನ್ನಕ್ಕೆ ಮೊಸರು ಹಾಕಿಕೊಂಡರು.

ಶನಿವಾರ ಬೆಳಗ್ಗೆ ಆರೂವರೆಗೆ ಪೂಜೆ. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ. ಕಾಯಿ ಒಡೆಯಲು ಕಲ್ಲಿರಲಿಲ್ಲ. ಕಾಂಕ್ರೀಟಿನ ಮೇಲೆ ಒಡೆಯಲು ರವೀಂದ್ರ ಬಿಡಲಿಲ್ಲ: “ರೆಂಟ್ ಮನಿ. ಕಲೆ ಆತಂದ್ರ ಡಿಪಾಸಿಟ್‌ನ್ಯಾಗ ಹಿಡೀತಾರ.” ಕೊನೆಗೆ ಟ್ರಕ್‌ನ ಹಿಂಬದಿಯಲ್ಲಿ ಕ್ಯಾರವಾನ್ ಸಿಕ್ಕಿಸುವ ಕಬ್ಬಿಣದ ಕೊಂಡಿಗೇ ಕುಟ್ಟಿ ಒಡೆದರು. ಶಬ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ನೀರು ಕೊಂಡಿಯ ಮೇಲೆಲ್ಲ ಇಳಿಯಿತು.

ಪಿಕಪ್ ಅಲ್ಲೇ ಬಿಟ್ಟು, ದಟ್ಟ ಮಂಜಿನಲ್ಲಿ ಹೊರಟೆವು. ಟ್ರಕ್ ಎತ್ತರ, ಒಳಗೆ ಸದ್ದಿಲ್ಲ. ವಾಂಗರಟ್ಟಾಗೆ ಸ್ವಲ್ಪ ಮೊದಲು ಗಂಟೆಯಂಥ ಒಂದು ಸಣ್ಣ ದನಿ ಬಂತು. ಪರದೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಪದ: ವಸುಧಾ ಜೋಡಣೆಯಾಗಿದೆ.

ಶಿವಾನಂದ ಬದಿಗೆ ನಿಲ್ಲಿಸಿದರು. ಇಳಿದು ನೋಡಿದೆವು. ಹಿಂದೆ ಕೊಂಡಿ, ಅದರಾಚೆ ಮಂಜು. ಮತ್ತೆ ಹೊರಟಾಗಲೂ ಪರದೆ ಬದಲಾಗಲಿಲ್ಲ. ಪಕ್ಕದ ಸಾಲಿನ ಕಾರು ಇನ್ನೂ ಬಹಳ ಹಿಂದೆ ಇರುವಾಗಲೇ ಕನ್ನಡಿಯ ಎಚ್ಚರಿಕೆ ದೀಪ ಹತ್ತುತ್ತಿತ್ತು. ನಮ್ಮ ಉದ್ದ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಎಂದು ಗಾಡಿ ತಿಳಿದಿತ್ತು. ಹೆಸರಿನ ಮುಂದಿನ ಸಂಖ್ಯೆ ಏರುತ್ತಿತ್ತು. 41,310. 41,311.

ಆಲ್ಬರಿಯಲ್ಲಿ ಶಿವಾನಂದ ಸ್ಪೀಕರಿನಲ್ಲಿ ಫೋನ್ ಮಾಡಿದರು. “ರವ್ಯಾ, ಹಿಂದ್ ಏನೂ ಇಲ್ಲೋ, ವಸುಧಾ ಅಂತ ತೋರಸಾಕ್ಹತ್ತೈತಿ.”

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

“ಎಷ್ಟ್ ದೂರ ಬಂದಾಳ?”

“ಎಂಬತ್ತ್ ಆಗಿರಬೇಕು.”

“ಸಾವಕಾಶ ಹೊಡಿ. ಜೋರ್ ಹೋದ್ರ ಆಕಿಗೆ ತಲಿ ತಿರಗ್ತೈತಿ.”

ಫೋನ್ ಕಟ್ಟಾಯಿತು. ನೂರಾ ಹತ್ತರಲ್ಲಿದ್ದ ವೇಗವನ್ನು ಶಿವಾನಂದ ತೊಂಬತ್ತಕ್ಕೆ ಇಳಿಸಿದರು. ಹಿಂದಿನ ಸಂಜೆಯವರೆಗೆ ಇದು ಗಾಡಿ ಆರಿಸುವ ಮಾತಾಗಿತ್ತು. ಹಾಲ್‌ಬ್ರೂಕ್‌ನಲ್ಲಿ ಕಾರಣವಿಲ್ಲದೆ ನಿಲ್ಲಿಸಿದರು. ಇಳಿದು, ಹಿಂದಕ್ಕೆ ಹೋಗಿ, ಖಾಲಿ ಜಾಗದ ಪಕ್ಕ ಐದು ನಿಮಿಷ ನಿಂತು ಬಂದರು. “ಸರ, ಎರಡು ವರ್ಷದಾಗ ಗಿರಿಜಾಗ ಒಮ್ಮಿನೂ ಬರ್ತೀಯೇನ್ ಅಂತ ಕೇಳಿಲ್ರಿ,” ಎಂದರು. “ಕ್ಯಾರವಾನ್ ಇಲ್ದ ಬರಾಕಾಗಂಗಿಲ್ಲ ಅಂತ ನಾನ ತೀರ್ಮಾನಿಸಿಬಿಟ್ಟಿದ್ದೆ.”

ಟಾರ್ಕಟ್ಟಾದಲ್ಲಿ ಲಾರಿಗಳು ತಂಗುವ ದೊಡ್ಡ ಅಂಗಳವಿದೆ. ಪಂಜಾಬಿ ಚಾಲಕರೊಬ್ಬರು ಚಹಾ ಕುಡಿಯುತ್ತಿದ್ದರು. ಶಿವಾನಂದ ಹಿಂದಿಯಲ್ಲಿ ವಿಷಯ ಹೇಳಿದರು. ಅವರು ಬಗ್ಗಿ, ಕೊಂಡಿಯ ಕೆಳಗಿದ್ದ ಸಾಕೆಟ್‌ನ ಮುಚ್ಚಳ ತೆರೆದರು. ಟ್ರೇಲರ್‌ನ ದೀಪಗಳಿಗೆ ವಿದ್ಯುತ್ ಕೊಡುವ ಜಾಗ ಅದು. ಬೆರಳು ಹಾಕಿ ಮೂಸಿದರು.

“ನಾರಿಯಲ್?”

ಇಬ್ಬರೂ ತಲೆಯಾಡಿಸಿದೆವು. ಅವರು ನಗುತ್ತ ತಮ್ಮ ಲಾರಿಯ ಮುಂದೆ ತೂಗುತ್ತಿದ್ದ ನಿಂಬೆ, ಮೆಣಸಿನಕಾಯಿ ತೋರಿಸಿದರು. ಒಳಗೆ ತೆಂಗಿನಕಾಯಿ ನೀರಿನ ಅಂಟು ಇತ್ತು. ಒದ್ದೆಯಾದ ಸಾಕೆಟ್ ತನಗೆ ಏನೋ ಕಟ್ಟಿದೆ ಎಂದು ಗಾಡಿಗೆ ಹೇಳುತ್ತಿತ್ತು. ಬಟ್ಟೆಯಿಂದ ಒರೆಸಿ, ಸ್ಪ್ರೇ ಹೊಡೆದು ಒಣಗಿಸಿದರು. ಗಾಡಿ ಚಾಲೂ ಮಾಡಿದಾಗ ಸಂದೇಶ ಇರಲಿಲ್ಲ. ಲೆಕ್ಕದ ಪುಟ ತೆರೆದು ನೋಡಿದೆ: 41,496. ಬರೆದುಕೊಂಡೆ.

ಕಾರಣ ಸಿಕ್ಕ ಮೇಲೆ ಶಿವಾನಂದ ನೂರಾ ಹತ್ತಕ್ಕೆ ಮರಳುತ್ತಾರೆ ಎಂದುಕೊಂಡಿದ್ದೆ. ಮರಳಲಿಲ್ಲ. ಯಾಸ್, ಗೋಲ್ಬರ್ನ್, ಎಲ್ಲ ಕಡೆ ತೊಂಬತ್ತೇ. ಪ್ರತಿ ಗಂಟೆಗೊಮ್ಮೆ ನಿಲುಗಡೆ. ಹಿಂದೆ ಬರುತ್ತಿದ್ದ ಕಾರುಗಳೂ ದೂರ ಉಳಿದೇ ಬರುತ್ತಿದ್ದವು. ಅದು ನನ್ನ ಊಹೆಯೂ ಇರಬಹುದು.

ಎಪ್ಪಿಂಗ್ ತಲುಪಿದಾಗ ಸಂಜೆ ಆರೂವರೆ. ನಮ್ಮ ಬೀದಿಯ ತಿರುವಿನಲ್ಲಿ ಶಿವಾನಂದ ಗಾಡಿಯನ್ನು ಬಹಳ ಅಗಲಕ್ಕೆ ತೆಗೆದುಕೊಂಡು ತಿರುಗಿಸಿದರು. ಮನೆಯ ಮುಂದೆ ನಿಲ್ಲಿಸುವಾಗಲೂ ಏಳೆಂಟು ಮೀಟರ್ ಮುಂದಕ್ಕೆ ಹೋಗಿ ನಿಲ್ಲಿಸಿದರು. ಎಂಜಿನ್ ಆರಿಸುವ ಮೊದಲು ನಾನು ಆ ಪುಟವನ್ನು ಮತ್ತೊಮ್ಮೆ ತೆರೆದೆ. 41,507 ಎಂದಿತ್ತು. ಟಾರ್ಕಟ್ಟಾಕ್ಕಿಂತ ಹನ್ನೊಂದು ಹೆಚ್ಚು. ದಾರಿಯಲ್ಲಿ ಸಂದೇಶ ಮತ್ತೆ ಬಂದಿರಲಿಲ್ಲ. ನಾನು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಇದಕ್ಕೆ ಕಾರಣ ನನಗೆ ಗೊತ್ತಿಲ್ಲ. ಶಿವಾನಂದರಿಗೆ ಹೇಳಿಲ್ಲ.

ಗಿರಿಜಾ ಶಾಲು ಹೊದ್ದು ಗೇಟಿನಲ್ಲಿ ನಿಂತಿದ್ದರು. ಟ್ರಕ್ಕಿನ ಹಿಂದಿನ ಖಾಲಿ ರಸ್ತೆಯನ್ನೇ ನೋಡುತ್ತಿದ್ದರು.

“ಹಿಂದ್ ಏನರ ಕಟ್ಟೀರೇನ್ರಿ?”

“ಯಾಕ?”

“ಹಂಗ ತಿರುಗಿಸಿದ್ರಿ.”

“ಇನ್ನೂ ಇಲ್ಲ,” ಎಂದರು ಶಿವಾನಂದ. ಆಮೇಲೆ, “ಬರ್ತೀಯೇನ?” ಎಂದು ಕೇಳಿದರು.

ನಾನು ಇಳಿದು ಬಾಗಿಲು ಹಿಡಿದೆ. ಗಿರಿಜಾ ಮೆಟ್ಟಿಲಿಗೆ ಕಾಲಿಟ್ಟು, ಹಿಡಿಕೆ ಹಿಡಿದು, ಮೆಲ್ಲಗೆ ಹತ್ತಿ ನನ್ನ ಸೀಟಿನಲ್ಲಿ ಕೂತರು. ಕನ್ನಡಿಯನ್ನು ತಮಗೆ ಹಿಂದಿನದು ಕಾಣುವ ಹಾಗೆ ಸರಿಪಡಿಸಿಕೊಂಡರು. ನಾನು ಮಗಳ ಮನೆಯ ಗೇಟು ತಲುಪಿ ತಿರುಗಿ ನೋಡಿದಾಗಲೂ ಅವರು ಇಳಿದಿರಲಿಲ್ಲ.